ಅತ್ತೆಯ ಕೈಗುಣ

ಅತ್ತೆ, ಉಳ್ಳೂರಿನ ನಮ್ಮ ಮನೆಯ ಮಲ್ಲಿಗೆಯನ್ನು ಸುಟ್ಟದ್ದು ನಿಮ್ಮ ಮಜ್ಜಿಗೆಯಲ್ಲ. ನಾನು.

ಕಾಸರಗೋಡಿನಿಂದ ನೀವು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ಕಡ್ಡಿ ಅದು. ತಾರಸಿಯ ಕುಂಡದಲ್ಲಿ ಚಿಗುರಿ ಮೊಗ್ಗು ಹಿಡಿಯುವ ಹೊತ್ತಿಗೆ ಎಲೆಗಳ ಮೇಲೆ ಬೂದಿ ಉದುರಿಸಿದಂತೆ ಬಿಳಿ ಶಿಲೀಂಧ್ರ ಬಂತು. ನೀವು ಹುಳಿ ಮಜ್ಜಿಗೆಗೆ ನೀರು ಬೆರೆಸಿ, ಬಟ್ಟೆಯಲ್ಲಿ ಸೋಸಿ, ಬೆಳಗಿನ ತಂಪಿನಲ್ಲಿ ಸಿಂಪಡಿಸತೊಡಗಿದಿರಿ. "ಅವಸರ ಮಾಡ್ಬೇಡ, ಗಿಡಕ್ಕೂ ಗುಣ ಆಗ್ಲಿಕ್ಕೆ ಹೊತ್ತು ಬೇಕು" ಎಂದಿರಿ. ಪಕ್ಕದ ಮನೆಯ ಮಲೆಯಾಳಿ ಅಕ್ಕ, ನಮ್ಮ ಚೇಚಿ, ತನ್ನ ಬೆಂಡೆಗಿಡಕ್ಕೂ ಅದನ್ನೇ ಕೇಳಿಕೊಂಡು ಹೋದಳು, ನಿಮ್ಮ ಕೈಗುಣವನ್ನು ಹೊಗಳಿದಳು. ಹೇಳಲು ನಾಚಿಕೆ — ನನಗೆ ಹೊಟ್ಟೆಕಿಚ್ಚಾಯಿತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರಲ್ಲ — ನನ್ನ ಕಾಲಕ್ಕೆ ಕಾಯುವ ತಾಳ್ಮೆ ನನಗಿರಲಿಲ್ಲ.

ಒಂದು ರಜಾದಿನ ನೀವು ದೇವಸ್ಥಾನಕ್ಕೆ ಹೋಗಿದ್ದಾಗ, ಮೊಬೈಲಿನಲ್ಲಿ ಯಾವುದೋ ವಿಡಿಯೋ ನೋಡಿ ನೀರಿಗೆ ಅಡುಗೆ ಸೋಡಾ ಕಲಸಿದೆ. ಅದರಲ್ಲಿ ಚಿಟಿಕೆ ಎಂದಿತ್ತು. ಬೇಗ ಗುಣವಾಗಲೆಂದು ಮುಷ್ಟಿ ತುಂಬ ಸುರಿದೆ. ಉರಿಬಿಸಿಲಿನಲ್ಲೇ ಸಿಂಪಡಿಸಿದೆ. ಕೆಲವೇ ದಿನಗಳಲ್ಲಿ ಎಲೆ ಕರಟಿ, ಮೊಗ್ಗು ಉದುರಿ, ಕಡ್ಡಿಯೂ ಒಣಗಿತು.

ನಿಮ್ಮ ಮಗ ಏನಾಯಿತೆಂದು ಕೇಳಿದರು. ನೀವು ಅಲ್ಲೇ ನಿಂತಿದ್ದಿರಿ. "ಮಜ್ಜಿಗೆ ಹುಳಿ ಹೆಚ್ಚಾಯ್ತೋ ಏನೋ" ಎಂದುಬಿಟ್ಟೆ. ನೀವು ಎದುರಾಡಲಿಲ್ಲ. ಅಂಗೈ ನೋಡಿಕೊಂಡು, "ಪ್ರಾಯ ಆಯ್ತಲ್ಲ, ಕೈಗುಣ ಹೋಯ್ತು ಕಾಣ್ತದೆ" ಎಂದಿರಿ. ಆಗಲಾದರೂ ಹೇಳಬಹುದಿತ್ತು — ಹೇಳಲಿಲ್ಲ. ಆಮೇಲೆ ನೀವು ತಾರಸಿ ಹತ್ತುವುದನ್ನೇ ಬಿಟ್ಟಿರಿ. ಮಂಡಿನೋವು ಎಂದು ಎಲ್ಲರೂ ನಂಬಿದರು. ನಾನೂ ನಂಬಿದಂತೆ ನಟಿಸಿದೆ.

ಈಗ ನೀವು ಕೊಚ್ಚಿಯಲ್ಲಿ, ಎಡಪ್ಪಳ್ಳಿಯ ಮಗಳ ಮನೆಯಲ್ಲಿದ್ದೀರಿ. ನಿನ್ನೆ ನಾದಿನಿ ಫೋನ್ ಮಾಡಿದ್ದಳು. ಮೊಮ್ಮಗಳು ಶಾಲೆಯಿಂದ ಟೊಮೆಟೊ ಸಸಿ ತಂದು, ಅಜ್ಜಿಯೇ ನೆಡಬೇಕೆಂದು ಮಲೆಯಾಳದಲ್ಲಿ ಹಟ ಹಿಡಿದಳಂತೆ. ನೀವು ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು, "ನಾನು ಮುಟ್ಟಿದ್ರೆ ಸಾಯ್ತದೆ ಪುಟ್ಟಿ" ಎಂದಿರಂತೆ.

ನಾದಿನಿ ಇದನ್ನು ನಗುತ್ತಲೇ ಹೇಳಿದಳು. ನಾನು ಒಂದು ಗಿಡವನ್ನಷ್ಟೇ ಕೊಂದೆ ಎಂದುಕೊಂಡಿದ್ದೆ, ಅತ್ತೆ —

ನಾಳೆ ಬೆಳಗಿನ ರೈಲಿಗೆ ಬರುತ್ತೇನೆ. ನೀವು ಕ್ಷಮಿಸಿದರೂ, ಕ್ಷಮಿಸದಿದ್ದರೂ, ಮಲ್ಲಿಗೆಯನ್ನು ಕೊಂದ ಕೈ ಯಾರದೆಂದು ಆ ಮಗುವಿನ ಎದುರೇ ಹೇಳುತ್ತೇನೆ. ಅಲ್ಲಿಯವರೆಗೆ ಆ ಸಸಿಯನ್ನು ಬೇರೆ ಯಾರೂ ನೆಡುವುದು ಬೇಡವೆಂದು ನಾದಿನಿಗೆ ಹೇಳಿದ್ದೇನೆ.