ಅಕ್ಕನ ಕೈಮೇಲಿನ ಬಿಸಿಲು

ಕೊಬ್ಬರಿ ವ್ಯಾಪಾರದಲ್ಲೇ ತಲೆ ನರೆತವನು ನಾನು. ರಾಶಿಯ ಅಡಿಯಿಂದ ಒಂದನ್ನು ಎಳೆದು ಒಡೆದು ನೋಡದೆ ಯಾರಿಗೂ ದರ ಹೇಳಿದವನಲ್ಲ. ಸಿಂಗಟಗೆರೆ ಕಡೆಯ ತೋಟದವರು ನನ್ನ ಮುಖ ಕಂಡರೇ ಗೊಣಗುತ್ತಿದ್ದರು. ಗೊಣಗಲಿ, ನಾನು ಮೋಸ ಹೋಗಿದ್ದು ಕಡಿಮೆ.

ಅಕ್ಕನಿಗೆ ಅನ್ನನಾಳದ ಕ್ಯಾನ್ಸರ್ ಆಗಿ ಗಂಜಿಯೂ ಇಳಿಯದಂತಾದಾಗ ಪಟ್ಟಣದ ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರು ಹೇಳಿದ್ದು ವಿಚಿತ್ರವಾಗಿತ್ತು. ಇವತ್ತು ನರಕ್ಕೆ ಔಷಧಿ ಕೊಡುತ್ತಾರಂತೆ. ಅದು ಮೈಯಲ್ಲಿ ಸುಮ್ಮನೆ ಕೂತಿರುತ್ತದಂತೆ. ಎರಡು ದಿನ ಬಿಟ್ಟು ಗಂಟಲೊಳಗೆ ನಳಿಕೆ ಇಳಿಸಿ ಕೆಂಪು ಬೆಳಕು ಬಿಟ್ಟರೆ, ಬೆಳಕು ಬಿದ್ದಲ್ಲಿ ಮಾತ್ರ ಗಡ್ಡೆಯನ್ನು ಸುಡುತ್ತದಂತೆ. ಅಲ್ಲಿಯವರೆಗೆ, ಆಮೇಲೂ ಒಂದು ತಿಂಗಳು, ಮೈಗೆ ಬಿಸಿಲು ಸೋಕಬಾರದು, ಸೋಕಿದರೆ ಚರ್ಮವೂ ಸುಡುತ್ತದಂತೆ.

ಕತ್ತಲಲ್ಲಿಟ್ಟು ಮಾರುವ ಸರಕಿನ ಮೇಲೆ ನನಗೆ ಮೊದಲಿಂದಲೂ ಗುಮಾನಿ. ಸೀಸೆಯಲ್ಲಿ ಕೆಂಪಗೆ ಏನೋ ಇತ್ತು, ನಿಜ. ಬಣ್ಣ ಸೋಡಾ ಅಂಗಡಿಯಲ್ಲೂ ಸಿಗುತ್ತದೆ.

ಔಷಧಿ ಚುಚ್ಚಿಸಿಕೊಂಡು, ಹೊತ್ತು ಮುಳುಗಿದ ಮೇಲೆ ರೈಲು ಹತ್ತಿ ನಮ್ಮೂರು ಅಜ್ಜಂಪುರಕ್ಕೆ ಬಂದೆವು. ಅಕ್ಕ ಒಳಕೋಣೆ ಸೇರಿದಳು. ಬರೀ ಬಣ್ಣದ ನೀರು ಚುಚ್ಚಿದ್ದರೆ, ಆ ನಳಿಕೆಯ ಹಿಂಸೆಗೆ ಅವಳನ್ನು ಮತ್ತೆ ಯಾಕೆ ಕರೆದೊಯ್ಯಬೇಕು? ಮರುದಿನ ಮಧ್ಯಾಹ್ನ ಕಿಟಕಿಯ ಬಾಗಿಲನ್ನು ಗೇಣಷ್ಟು ತೆರೆದೆ.

"ಅಕ್ಕ, ಕೈ ಒಂಚೂರು ಆಚೆ ಇಡು."

"ಬಿಸ್ಲು ಬ್ಯಾಡ ಅಂದವ್ರಲ್ಲೋ ಡಾಕ್ಟ್ರು?"

"ಅವ್ರೇ ಹೇಳವ್ರೆ ಕಣಕ್ಕ. ಒಂದ್ಗಳಿಗೆ ಇಟ್ಟು ನೋಡ್ಬೇಕಂತೆ."

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಬಳೆ ಹಿಂದಕ್ಕೆ ಸರಿಸಿ ಕೈ ಚಾಚಿದಳು.

ಸಂಜೆಯಷ್ಟರಲ್ಲಿ ಕೈ ಕೆಂಪೇರಿ, ಊದಿ, ನೀರುಗುಳ್ಳೆ ಎದ್ದವು. ಅವಳು ಹಲ್ಲು ಕಚ್ಚಿಕೊಂಡು ಕೂತಿದ್ದರೆ ನನಗೆ ಖುಷಿಯಾಯಿತು. ಹೌದು, ಖುಷಿಯೇ. ಔಷಧಿ ಅಸಲಿ ಅಂತ. ಆ ಖುಷಿಯನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ಕೈಗೆ ಒದ್ದೆ ಬಟ್ಟೆ ಸುತ್ತಿ, ಕತ್ತಲಾಗುತ್ತಲೇ ಅವಳನ್ನು ಕರೆದುಕೊಂಡು ಹೊರಟೆ.

ಮಾರನೆಯ ದಿನ ಆಸ್ಪತ್ರೆಯಲ್ಲಿ ಬಟ್ಟೆ ಬಿಚ್ಚಿದ ಡಾಕ್ಟರು ಕೆಂಡವಾದರು.

"ಇವರನ್ನ ಬಿಸಿಲಿಗೆ ಬಿಟ್ಟಿದ್ದು ಯಾರು?"

ನಾನು ಆ ಒದ್ದೆ ಬಟ್ಟೆಯನ್ನು ಮಡಿಸತೊಡಗಿದೆ.

"ನಾನೇ ಸಾರ್. ಮರ್ತು ಅಂಗಳಕ್ಕೆ ಹೋಗ್ಬಿಟ್ಟೆ," ಎಂದಳು ಅಕ್ಕ.

ಡಾಕ್ಟರು ಅವಳಿಗೇ ನಾಲ್ಕು ಮಾತು ಬೈದು, ಬೆಳಕಿನ ಯಂತ್ರ ಸಿದ್ಧಮಾಡಲು ಒಳಗೆ ಹೋದರು. ನಾನು ತಲೆ ತಗ್ಗಿಸಿ ನಿಂತಿದ್ದೆ.

"ನೀನು ಸುಳ್ಳೇಳ್ತಿದ್ದೀಯ ಅಂತ ಆಗ್ಲೇ ಗೊತ್ತಾಯ್ತು ಕಣೋ," ಎಂದಳು ಮೆಲ್ಲಗೆ. "ಆದ್ರೂ ಕೈ ಇಟ್ಟೆ. ನಿನ್ಗೆ ನಂಬ್ಕೆ ಬರ್ದಿದ್ರೆ ನನ್ನ ಇಲ್ಲಿಗೆ ಯಾರು ಕರ್ಕೊಂಡ್ಬರೋರು?"