ಓದಿ ಹೇಳಿದ್ದಕ್ಕೆ ಸೊನ್ನೆ

ಮಂಗಳೂರಿಗೆ ಬಂದ ಎರಡನೇ ತಿಂಗಳಲ್ಲಿ ನನಗೆ ವರದಿಗಾರಿಕೆಯಲ್ಲಿ ಸೊನ್ನೆ ಬಂತು. ಸುಳ್ಳು ಬರೆದಿರಲಿಲ್ಲ, ಯಾರದನ್ನೂ ಕದ್ದಿರಲಿಲ್ಲ. ಯಾರ ಬಗ್ಗೆ ಬರೆದಿದ್ದೆನೋ ಅವರಿಗೆ ಅದನ್ನು ಓದಿ ಹೇಳಿದ್ದೆ. ಅದೇ ತಪ್ಪಂತೆ.

ನಮ್ಮೂರು ನರೋಣಾದಲ್ಲಿ ಕೂತು ಇದನ್ನು ಓದುವ ನಿಮಗೆ ಇದು ತಲೆಗೆ ಹೋಗಲಿಕ್ಕಿಲ್ಲ. ನನಗೂ ಹೋಗಲಿಲ್ಲ. ನಮ್ಮ ಮನೆ ಕಟ್ಟೆಯ ಮೇಲೆ ಅಪ್ಪ ಊರವರ ಅರ್ಜಿ ಬರೆಯುವುದನ್ನು ನೀವೆಲ್ಲ ನೋಡಿದವರೇ. ಪಿಂಚಣಿ ಇರಲಿ, ಪಹಣಿ ತಿದ್ದುಪಡಿ ಇರಲಿ, ಬರೆದು ಮುಗಿಸಿ ಮೊದಲಿನಿಂದ ಗಟ್ಟಿಯಾಗಿ ಓದುತ್ತಾನೆ. ಕೊನೆಗೆ "ಖರೇ ಅದ ಇಲ್ಲೋ?" ಎಂದು ಕೇಳುತ್ತಾನೆ. ಎದುರಿನವರು "ಖರೇ ಅದ್ರಿ" ಅಂದ ಮೇಲೆಯೇ ಹೆಬ್ಬೆಟ್ಟು. ಏನಾದರೂ ಬಿಟ್ಟುಹೋಗಿದ್ದರೆ ಅಲ್ಲೇ ಅಂಚಿನಲ್ಲಿ ಸೇರಿಸುತ್ತಾನೆ. ನಾನು ಪತ್ರಿಕೋದ್ಯಮ ಎಂ.ಎ.ಗೆ ಹೊರಟದ್ದು ಆ ಕಟ್ಟೆಯ ಮೇಲೆ ಕಲಿತ ವಿದ್ಯೆಯನ್ನು ನಂಬಿಕೊಂಡೇ.

ಇಲ್ಲಿಗೆ ಬಂದಾಗ ಆಗಸ್ಟ್. ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿ ನಮ್ಮಲ್ಲಾದರೆ ತಿಂಗಳಾದರೂ ಮುರಿದರೆ ಸದ್ದು ಮಾಡುತ್ತದೆ. ಇಲ್ಲಿ ನಾಲ್ಕೇ ದಿನಕ್ಕೆ ಮೆತ್ತಗಾಗಿ ವಾರದಲ್ಲಿ ಬೂಸಲು ಹಿಡಿಯಿತು. ಪಿ.ಜಿ.ಯಲ್ಲಿ ಎರಡು ಹೊತ್ತೂ ಕುಚಲಕ್ಕಿ ಅನ್ನ. ಭತ್ತ ಬೇಯಿಸಿ ಮಾಡಿದ ದಪ್ಪ ಕೆಂಪು ಅಕ್ಕಿಯದು. ಎಷ್ಟು ಉಂಡರೂ ರೊಟ್ಟಿ ತಿಂದ ಸಮಾಧಾನವಿಲ್ಲ. ಒಗೆದ ಬಟ್ಟೆ ಮೂರು ದಿನ ಒಣಗುವುದಿಲ್ಲ. ಅದನ್ನೆಲ್ಲ ಸಹಿಸಬಹುದು. ನನ್ನ ಕನ್ನಡ ಕೇಳಿದ ಕೂಡಲೇ ಅಂಗಡಿಯವನು ಹಿಂದಿಗೆ ಇಳಿಯುತ್ತಾನಲ್ಲ, ಅದಕ್ಕೆ ಮಾತ್ರ ಮೈ ಉರಿಯುತ್ತದೆ. ತರಗತಿಯಲ್ಲಿ ಒಮ್ಮೆ "ಹೌದ್ರಿ ಮೇಡಂ" ಅಂದದ್ದಕ್ಕೆ ಹಿಂದಿನ ಬೆಂಚಿನವರು ನನಗೆ "ಹೌದ್ರಿ" ಎಂದೇ ಹೆಸರಿಟ್ಟರು. ಕೋಣೆಯ ಜೊತೆಗಾತಿ ದೀಕ್ಷಾ ಪುತ್ತೂರಿನವಳು, ಒಳ್ಳೆಯವಳು. "ನೀನು ಎಂತಕ್ಕೆ ಅಷ್ಟು ಬೇಜಾರು ಮಾಡಿಕೊಳ್ಳುವುದು ಮಾರಾಯ್ತಿ, ತಮಾಷೆ ಅದು" ಅನ್ನುತ್ತಾಳೆ. ತಮಾಷೆ ಯಾವಾಗಲೂ ನನ್ನ ಮೇಲೆಯೇ ಯಾಕೆ?

ಮೊದಲ ವರದಿಗೆ ನಾನು ಆರಿಸಿಕೊಂಡದ್ದು ನಮ್ಮ ರಸ್ತೆಯ ತುದಿಯಲ್ಲಿ ಮೀನು ಮಾರುವ ಗಿರಿಜಕ್ಕನನ್ನು. ಮೀನಿನ ವಾಸನೆಗೇ ಮೂಗು ಮುಚ್ಚಿಕೊಳ್ಳುತ್ತಿದ್ದ ನಾನು ಮೂರು ದಿನ ಅವರ ಬುಟ್ಟಿಯ ಪಕ್ಕ ಕೂತೆ. ನನ್ನ ಮಾತು ಕೇಳಿ ನಗದೆ ಉತ್ತರ ಕೊಟ್ಟವರು ಅವರೊಬ್ಬರೇ. ಮಾತಿನ ನಡುವೆ, ಮಗ ತನ್ನ ಹೆಂಡತಿಯ ಮನೆಯವರಿಗೆ ಅಮ್ಮ ಮೀನು ಮಾರುವುದನ್ನೇ ಹೇಳಿಲ್ಲ, ಅಂಗಡಿ ಇದೆ ಎಂದಿದ್ದಾನೆ ಅಂದರು. ಬರೆದೆ. ಮರುದಿನ ಹೋಗಿ ಪೂರ್ತಿ ಓದಿ ಹೇಳಿದೆ. ಆ ಸಾಲಿಗೆ ಬಂದಾಗ ಅವರು ಕೈ ಅಡ್ಡ ಹಿಡಿದರು.

"ಇಜ್ಜಿ ಮಗಾ, ಅದು ಬೇಡ. ಸೊಸೆ ಓದಿದರೆ ಎಂತ ಹೇಳಿಯಾಳು?"

ಇಜ್ಜಿ ಅಂದರೆ ತುಳುವಿನಲ್ಲಿ ಇಲ್ಲ ಎಂದು. ಸಾಲು ಹೊಡೆದುಹಾಕಿದೆ. ತರಗತಿಯಲ್ಲಿ ಇದನ್ನೆಲ್ಲ ಹೆಮ್ಮೆಯಿಂದ ಹೇಳಿದ್ದೂ ನಾನೇ. ವರದಿಗಾರಿಕೆ ಕಲಿಸುವ ಮೇಡಂ ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು.

"ಇವತ್ತು ಮೀನಿನವರು ಒಂದು ಸಾಲು ತೆಗೆಸಿದರು. ನಾಳೆ ಗುತ್ತಿಗೆದಾರ ತನ್ನ ಸಾಲು ತೆಗೆಸ್ತಾನೆ. ಆಗಲೂ ತೆಗೀತೀಯಾ? ಬರೆದದ್ದನ್ನು ಮೊದಲೇ ತೋರಿಸುವುದು ವರದಿಗಾರರ ಕೆಲಸ ಅಲ್ಲ."

ಅವರು ಹೇಳಿದ್ದು ಸರಿಯೇ. ಸರಿ ಅನ್ನಿಸಿದ್ದರಿಂದಲೇ ಇನ್ನಷ್ಟು ಸಿಟ್ಟು ಬಂತು. ಡಿಸೆಂಬರ್ ರಜೆಯಲ್ಲಿ ಊರಿನಿಂದ ಇನ್ನೊಂದು ವರದಿ ತರಬೇಕು, ಇಲ್ಲದಿದ್ದರೆ ಆ ವಿಷಯದಲ್ಲಿ ಫೇಲು ಎಂದರು. ಎರಡು ಷರತ್ತು: ಯಾರಿಗೂ ಓದಿ ಹೇಳಕೂಡದು, ವರದಿಯಲ್ಲಿ 'ನಾನು' ಎಂಬುದು ಬರಕೂಡದು.

ರಜೆಯಲ್ಲಿ ಊರಿಗೆ ಬಂದಾಗ ತೊಗರಿ ರಾಶಿ ನಡೆದಿತ್ತು. ನಮ್ಮ ಕಟ್ಟೆಗೆ ಇನ್ನೂ ಹೆಬ್ಬೆಟ್ಟು ಒತ್ತಲು ಬರುವ ಹೆಂಗಸರ ಬಗ್ಗೆ ಬರೆಯೋಣ ಅನ್ನಿಸಿತು. ಅವರಲ್ಲೊಬ್ಬಳು ನನ್ನ ಸೋದರತ್ತೆ ನೀಲಮ್ಮ. ಅಪ್ಪನ ಕೊನೆಯ ತಂಗಿ, ಊರಲ್ಲೇ ಕೊಟ್ಟಿದೆ, ನನಗಿಂತ ಏಳು ವರ್ಷಕ್ಕೆ ದೊಡ್ಡವಳು. ಮೊರದಲ್ಲಿ ತೊಗರಿ ಹಸನು ಮಾಡುತ್ತಾ ಹೇಳಿದಳು.

"ಸಾಲ್ಯಾಗ ಒಂದ್ನೇತ್ತ ಮುಗಿಸಿದ್ದೆ ಬೇ. ಮನ್ಯಾಗ ಕೂಸು ಹಿಡಿಯೋರು ಯಾರೂ ಇಲ್ಲ ಅಂತ ಅಣ್ಣನೇ ಸಾಲಿ ಬಿಡಿಸಿದ. ಈಗ ನಂದ ಅರ್ಜಿ ಅವನೇ ಬರೀತಾನ."

ಇನ್ನೂ ಒಂದು ಮಾತು ಹೇಳಿದಳು. ಅದನ್ನು ನಾನು ಬರೆದುಕೊಳ್ಳಲಿಲ್ಲ.

ಯಾರಿಗೂ ಓದಿ ಹೇಳದೆ ಮಂಗಳೂರಿಗೆ ಒಯ್ದೆ. ವಿಭಾಗದ ಪತ್ರಿಕೆಯಲ್ಲಿ ಮೊದಲ ಪುಟದಲ್ಲೇ ಬಂತು. "ಊರಿನ ಅರ್ಜಿ ಬರೆಯುವ ಅಣ್ಣನೇ ತನ್ನ ಶಾಲೆ ಬಿಡಿಸಿದ ಎನ್ನುತ್ತಾರೆ ನೀಲಮ್ಮ" ಎಂಬ ಸಾಲಿಗೆ ಮೇಡಂ ಗೆರೆ ಎಳೆದು, ಇದೇ ವರದಿ ಅಂದರು. ಅತಿ ಹೆಚ್ಚು ಅಂಕ ನನ್ನದು. ಹಿಂದಿನ ಬೆಂಚಿನವರೂ ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ಅಪ್ಪನ ಮುಖವೇ ಕಣ್ಣ ಮುಂದೆ ಬರುತ್ತಿತ್ತು.

ಯುಗಾದಿಗೆ ಊರಿಗೆ ಹೋದಾಗ ಪತ್ರಿಕೆಯನ್ನು ಚೀಲದ ತಳದಲ್ಲಿಟ್ಟಿದ್ದೆ. ಅವ್ವ ಬಟ್ಟೆ ತೆಗೆಯುವಾಗ ಸಿಕ್ಕಿಬಿಟ್ಟಿತು. ಅಪ್ಪ ಕನ್ನಡಕ ಹಾಕಿಕೊಂಡು ಕಟ್ಟೆಗೆ ಬಂದು ಕೂತ. ನೀಲಮ್ಮತ್ತೆಯನ್ನು ಕರೆಸಿದ.

"ಇಕಿ ಬಗ್ಗೆನೇ ಬರದಾಳ. ಇಕಿಗಿ ಓದಿ ಹೇಳಬೇಕಲ್ಲ."

ಗಟ್ಟಿಯಾಗಿ ಓದತೊಡಗಿದ. ಆ ಸಾಲು ಹತ್ತಿರ ಬಂತು. ಹಾರಿಸಿ ಓದುತ್ತಾನೆ ಅಂದುಕೊಂಡೆ, ಹಾರಿಸಲಿ ಎಂದೂ ಬೇಡಿಕೊಂಡೆ. ಅವನು ಓದುವುದನ್ನು ನಿಲ್ಲಿಸಿದ. ಕನ್ನಡಕ ತೆಗೆದು ಒರೆಸಿದ. ಮತ್ತೆ ಹಾಕಿಕೊಂಡು ಒಂದಕ್ಷರವನ್ನೂ ಬಿಡದೆ ಓದಿದ. ಪೂರ್ತಿ ಮುಗಿಸಿದ ಮೇಲೆ ತಂಗಿಯ ಮುಖ ನೋಡದೆ, ಎಂದಿನಂತೆ ಕೇಳಿದ.

"ಖರೇ ಅದ ಇಲ್ಲೋ?"

ನೀಲಮ್ಮತ್ತೆ ನನ್ನ ಕಡೆ ತಿರುಗಿದಳು.

"ಖರೇ ಅದ. ಪೂರಾ ಇಲ್ಲ. ಅಣ್ಣಂದು ಬರದಿ. ಆ ಕೂಸು ನೀನೇ ಅಂತ ಹೇಳಿದ್ದೆನಲ್ಲ, ಅದನ್ಯಾಕ ಬಿಟ್ಟಿ ಬೇ?"

ವರದಿಯಲ್ಲಿ 'ನಾನು' ಬರಕೂಡದು ಎಂಬ ನಿಯಮ ಬಾಯಿಯವರೆಗೆ ಬಂತು. ಹೇಳಲು ನಾಚಿಕೆಯಾಯಿತು. ಗಿರಿಜಕ್ಕನ ಒಂದು ಸಾಲು ತೆಗೆದದ್ದಕ್ಕೆ ನನಗೆ ಸೊನ್ನೆ ಬಂದಿತ್ತು, ನನ್ನ ಸಾಲು ನಾನೇ ತೆಗೆದುಹಾಕಿದ್ದಕ್ಕೆ ಮೊದಲ ಸ್ಥಾನ. ಓದಿ ಹೇಳದಿದ್ದರೆ ಇದು ಯಾರಿಗೂ ಗೊತ್ತಾಗುತ್ತಲೇ ಇರಲಿಲ್ಲ.

ಅಪ್ಪ ಜೇಬಿನಿಂದ ಪೆನ್ನು ತೆಗೆದು, ಮುಚ್ಚಳ ಬಿಚ್ಚಿ ನನ್ನ ಮುಂದೆ ಹಿಡಿದ. ಪತ್ರಿಕೆಯ ಅಂಚಿನಲ್ಲಿ ಜಾಗ ಕಡಿಮೆ ಇತ್ತು, ಆ ಕೂಸು ನಾನೇ ಎಂದು ಸಣ್ಣ ಅಕ್ಷರದಲ್ಲಿ ಬರೆದೆ. ಬರೆದು ಓದಿ ಹೇಳಿದೆ. ನೀಲಮ್ಮತ್ತೆ "ಹ್ಞೂಂ, ಈಗ ಖರೇ" ಎಂದು ಎದ್ದು ಹೋದಳು.

ನಾನೀಗ ಮತ್ತೆ ಮಂಗಳೂರಿನಲ್ಲಿದ್ದೇನೆ. ವಿಭಾಗದ ಗೋಡೆಗೆ ಅಂಟಿಸಿರುವ ಪ್ರತಿಯಲ್ಲಿ ಆ ಸಾಲಿಲ್ಲ. ಅದು ನರೋಣಾದ ಪ್ರತಿಯಲ್ಲಿ ಮಾತ್ರ ಇದೆ.