ರಾಜೀವಿಯ ಒಂದೂವರೆ ಬಕೆಟ್ ನೀರು

ಬಿಜೈಯ ಆ ಏಳಂತಸ್ತಿನ ಅಪಾರ್ಟ್‌ಮೆಂಟಿನಲ್ಲಿ ರಾಜೀವಿ ಒಂಬತ್ತು ವರ್ಷ ಹದಿನಾಲ್ಕು ಕಾರು ತೊಳೆದಳು. ಒಂದರ ಮೈಮೇಲೂ ಅವಳ ಕೈಯಿಂದ ಗೀರು ಬೀಳಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಈಗ ಅಲ್ಲಿ ಯಾರನ್ನು ಕೇಳಿದರೂ ಬೇರೆಯೇ ಹೇಳುತ್ತಾರೆ. ಹಾಗೆ ಹೇಳಲು ಅವರಿಗೆ ಸಾಕ್ಷಿಯೂ ಇದೆ. ಸ್ವತಃ ರಾಜೀವಿಯೇ ಒಪ್ಪಿಕೊಂಡಿದ್ದಾಳೆ.

ಅವಳು ಹೊಸಬೆಟ್ಟಿನ ಕಡಲ ಬದಿಯವಳು. ತಾಯಿ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರಿದವಳು. ರಾಜೀವಿಯೂ ಇಪ್ಪತ್ತು ವರ್ಷ ಮಾರ್ಕೆಟಿನಲ್ಲಿ ಕೂತು ಬಂಗುಡೆ, ಬೂತಾಯಿ ಮಾರಿದಳು. ಗಂಡ ತೀರಿಹೋಗಿ, ಸೊಂಟವೂ ಮೀನಿನ ಕ್ರೇಟು ಎತ್ತಲು ಒಪ್ಪದಾದಾಗ ಕಾರು ತೊಳೆಯುವ ಕೆಲಸ ಹಿಡಿದಳು. ಕಾರಿನಲ್ಲಿ ಕೂತ ಅಭ್ಯಾಸವೇ ಇಲ್ಲದವಳು ಕಾರು ತೊಳೆಯುವುದನ್ನು ಯಾರಿಂದ ಕಲಿತಳು? ಯಾರಿಂದಲೂ ಅಲ್ಲ. ಮೀನು ತೊಳೆದದ್ದೇ ಅವಳ ವಿದ್ಯೆ.

ಮೀನಿನವರಿಗೆ ಮೂರು ನೀರಿನ ಕ್ರಮ ಗೊತ್ತು. ಮೊದಲ ನೀರಿನಲ್ಲಿ ಮರಳು ಹೋಗಬೇಕು, ಎರಡನೆಯದರಲ್ಲಿ ರಕ್ತ, ಮೂರನೆಯದು ಒಳ್ಳೆಯ ನೀರು. ಮುಂದಿನ ಪಾಲಿಗೆ ಈ ಒಳ್ಳೆಯ ನೀರು ಎರಡನೆಯದಾಗುತ್ತದೆ, ಎರಡನೆಯದು ಮೊದಲನೆಯದಾಗುತ್ತದೆ. ಚೆಲ್ಲುವುದು ತೀರಾ ಕೆಟ್ಟದ್ದನ್ನು ಮಾತ್ರ. ಬೇಸಿಗೆಯಲ್ಲಿ ನಳ್ಳಿಯ ನೀರು ದಿನ ಬಿಟ್ಟು ದಿನ ಬಂದು, ಅಪಾರ್ಟ್‌ಮೆಂಟಿಗೆ ಟ್ಯಾಂಕರ್ ತರಿಸತೊಡಗಿದ ಮೇಲೆ ಕಾರಿಗೆ ಪೈಪು ಹಿಡಿಯಬಾರದೆಂದು ಅಸೋಸಿಯೇಷನ್ ಬೋರ್ಡು ಹಾಕಿತು. ರಾಜೀವಿಗೆ ಅದರಿಂದ ಏನೂ ಆಗಲಿಲ್ಲ. ಅವಳ ಒಂದು ಕಾರಿಗೆ ಮೊದಲಿನಿಂದಲೂ ಒಂದೂವರೆ ಬಕೆಟ್ ನೀರು ಸಾಕಾಗುತ್ತಿತ್ತು.

ಮೊದಲು ನೆರಳಿನಲ್ಲಿ ನಿಂತ ಕಾರಿನ ತಲೆಯ ಮೇಲಿಂದ ಎರಡು ಚೊಂಬು ನೀರು ಮೆಲ್ಲಗೆ ಇಳಿಸಿ, ಧೂಳು ನೆನೆಯಲು ಬಿಡುವಳು. ಊರ ಧೂಳೆಂದರೆ ಮುರಕಲ್ಲಿನ ಕೆಂಪು ಧೂಳು, ಮೇಲೆ ಕಡಲ ಗಾಳಿಯ ಉಪ್ಪು. ಒಣಗಿದಾಗ ಅದರ ಮೇಲೆ ಬಟ್ಟೆ ಎಳೆದರೆ ಮರಳುಕಾಗದ ಉಜ್ಜಿದ ಹಾಗೆ. ನೆನೆದ ಮೇಲೆ ಮೆತ್ತನೆಯ ಬಟ್ಟೆಯನ್ನು ಎಂಟು ಮಡಿಕೆ ಮಾಡಿ ಮೇಲಿನಿಂದ ಕೆಳಗೆ ನೇರ ಎಳೆಯುವಳು, ಸುತ್ತಿ ಉಜ್ಜುವಂತಿಲ್ಲ. ಒಂದು ಮಡಿಕೆ ಕೊಳೆಯಾದರೆ ಇನ್ನೊಂದು ಮಡಿಕೆ. ಚಕ್ರಕ್ಕೆ ಬೇರೆ ಬಟ್ಟೆ, ಅದಕ್ಕೆ ಹಿಂದಿನ ಕಾರಿನ ಉಳಿಕೆ ನೀರು. ಬಟ್ಟೆ ಹಿಂಡುವ ಬಕೆಟಿನ ತಳದಲ್ಲಿ ಮಾತ್ರ ಒಂದು ವಿಶೇಷವಿತ್ತು. ಮುರಿದ ಮೀನಿನ ಕ್ರೇಟಿನಿಂದ ದುಂಡಗೆ ಕತ್ತರಿಸಿದ ಜಾಲರಿಯ ತುಂಡು. ಮರಳು ಅದರ ತೂತಿನಿಂದ ಕೆಳಗಿಳಿದು ಅಲ್ಲೇ ಕೂರುತ್ತಿತ್ತು, ಬಟ್ಟೆಗೆ ಮತ್ತೆ ಹತ್ತುತ್ತಿರಲಿಲ್ಲ. ಬೇಕಾದರೆ ಇದನ್ನು ದೊಡ್ಡ ಇಂಜಿನಿಯರುಗಳ ಮುಂದೆ ಇಡಿ, ಕುಂದು ಹೇಳಲು ಅವರಿಗೂ ಆಗದು.

ಅವಳು ಮಾಡಿದ ತಪ್ಪು ಒಂದೇ. ಇದನ್ನೆಲ್ಲ ಊಟದ ಹೊತ್ತಿಗೆ ಹೆಮ್ಮೆಯಿಂದ ಮಗನ ಹತ್ತಿರ ಹೇಳಿದಳು. ಜೊತೆಗೆ ಅಪಾರ್ಟ್‌ಮೆಂಟಿನ ಸುದ್ದಿಯನ್ನೂ: ಅಸೋಸಿಯೇಷನ್ನಿನ ಸೆಕ್ರೆಟರಿ ಚಾರ್ಲ್ಸ್ ಎಂಬವರು, ಅವರಿಗೆ ಟ್ಯಾಂಕರಿನದೇ ಚಿಂತೆ, ಭಾನುವಾರ ಹತ್ತಕ್ಕೆ ಕೆಳಗೆ ಸಿಗುತ್ತಾರೆ, ಹೀಗೆ.

ಮಗ ಯತಿನ್ ಎರಡು ವರ್ಷ ಕೆಲಸವಿಲ್ಲದೆ ಕೂತು, ಆಗಷ್ಟೇ ಬೈಕಂಪಾಡಿಯಲ್ಲಿ ಕಾರು ಸ್ವಚ್ಛ ಮಾಡುವ ಕಂಪನಿಯೊಂದಕ್ಕೆ ಸೇರಿದ್ದ. ಗಿರಾಕಿ ಹಿಡಿದುಕೊಟ್ಟರೆ ಕೆಲಸ ಕಾಯಂ. ಅವನು ಮೊದಲು ಹಿಡಿದ ಗಿರಾಕಿ ತಾಯಿಯ ಅಪಾರ್ಟ್‌ಮೆಂಟು. ಭಾನುವಾರ ಹತ್ತಕ್ಕೆ ಸರಿಯಾಗಿ ಟೈ ಕಟ್ಟಿಕೊಂಡು ಚಾರ್ಲ್ಸರ ಮುಂದೆ ನಿಂತ.

"ನೀರೇ ಬೇಡ ಸರ್. ಸ್ಪ್ರೇ ಹೊಡೆಯುವುದು, ಒರೆಸುವುದು. ಹದಿನಾಲ್ಕು ಕಾರಿಗೂ ಒಂದು ತೊಟ್ಟು ನೀರು ಖರ್ಚಿಲ್ಲ."

ಪಾರ್ಕಿಂಗಿನ ಆಚೆ ಬದಿಯಲ್ಲಿ ತಾಯಿ ಬಟ್ಟೆ ಹಿಂಡುತ್ತಿದ್ದಳು. ಇವಳು ತನ್ನ ಅಮ್ಮ ಎಂದು ಅವನು ಹೇಳಲಿಲ್ಲ. ಅವನು ಹೇಳದ ಮೇಲೆ ಅವಳೂ ಹೇಳಲಿಲ್ಲ. ಹದಿಮೂರು ಕಾರು ಕಂಪನಿಗೆ ಹೋದವು. ನಾಲ್ಕನೇ ಮಹಡಿಯ ಐಸಮ್ಮ ಒಬ್ಬರು ಮಾತ್ರ, "ನನಗೆ ರಾಜೀವಿ ಸಾಕು, ಅವಳ ಕೈ ನನಗೆ ಗೊತ್ತುಂಟು," ಎಂದು ತಮ್ಮ ಕಪ್ಪು ಕಾರನ್ನು ಉಳಿಸಿದರು.

ಆ ದಿನ ಮನೆಯಲ್ಲಿ ರಾಜೀವಿ ಜಗಳ ಮಾಡಲಿಲ್ಲ. ಕೆಲಸದ ಮಾತು ಮಾತ್ರ ಆಡಿದಳು.

"ಒಣ ಧೂಳಿನ ಮೇಲೆ ಬಟ್ಟೆ ಹಾಕ್ಬೇಡಿ ಮಾರಾಯ. ಸ್ಪ್ರೇ ಸಾಕಾಗುದಿಲ್ಲ ಅದಕ್ಕೆ. ಮೊದಲು ಎರಡು ಚೊಂಬು ನೀರು ಇಳಿಸಿ ನೆನೆಸಲಿಕ್ಕೆ ಹೇಳು ನಿನ್ನವರಿಗೆ."

"ಅವರಿಗೆ ಟ್ರೇನಿಂಗ್ ಉಂಟಮ್ಮ. ನಿನ್ನ ಮೀನಿನ ಬುದ್ಧಿ ಅಲ್ಲಿಗೆ ಎಂತಕ್ಕೆ?"

ಆ ಮೀನಿನ ಬುದ್ಧಿಯೇ ಅವನನ್ನು ಡಿಗ್ರಿ ಓದಿಸಿತ್ತು. ರಾಜೀವಿ ತಟ್ಟೆ ಎತ್ತಿಕೊಂಡು ಎದ್ದಳು.

ಎರಡು ತಿಂಗಳು ಕಳೆಯುವುದರೊಳಗೆ ಹದಿಮೂರು ಕಾರುಗಳ ಮೈಯೂ ಬಿಸಿಲಿಗೆ ಜೇಡರ ಬಲೆಯ ಹಾಗೆ ಕಾಣತೊಡಗಿತು. ಬಾನೆಟ್ ಮೇಲೆ, ಬಾಗಿಲ ಮೇಲೆ ಸುತ್ತುಸುತ್ತಾಗಿ ಸಣ್ಣ ಗೀರು. ಒಂದು ಭಾನುವಾರ ಎಲ್ಲರೂ ಪಾರ್ಕಿಂಗಿನಲ್ಲಿ ಸೇರಿ ಯತಿನ್‌ನನ್ನು ಕರೆಸಿದರು. ಚಾರ್ಲ್ಸರ ಮುಖ ಕೆಂಪಾಗಿತ್ತು. ಕಂಪನಿಯ ಮಾಲೀಕರಿಗೆ ಈಗಲೇ ಫೋನು ಮಾಡುತ್ತೇನೆ ಎಂದರು. ಮೂಲೆಯಲ್ಲಿ ಐಸಮ್ಮನವರ ಕಾರು ತೊಳೆಯುತ್ತಿದ್ದ ರಾಜೀವಿಗೆ ಮಗನ ಕತ್ತಿನ ಬೆವರು ಅಷ್ಟು ದೂರದಿಂದಲೂ ಕಂಡಿತು.

"ಇದು ಹಳೇ ಗೀರು ಸರ್," ಎಂದ ಯತಿನ್. "ನಾವು ಪಾಲಿಶ್ ಮಾಡಿದ ಮೇಲೆ ಎದ್ದು ಕಾಣ್ತಾ ಉಂಟು, ಅಷ್ಟೇ. ಮೊದಲು ತೊಳೀತಿದ್ದವರ ಬಕೆಟಿನೊಳಗೆ ಎಂತ ಉಂಟು ಅಂತ ಒಮ್ಮೆ ನೋಡಿ."

ಬಕೆಟಿನೊಳಗೆ ಏನಿದೆ ಎಂದು ಅವನಿಗೆ ಗೊತ್ತಿತ್ತು. ಆ ಜಾಲರಿಯನ್ನು ದುಂಡಗೆ ಕತ್ತರಿಸಿಕೊಟ್ಟವನೇ ಅವನು.

ಚಾರ್ಲ್ಸ್ ಬಂದು ಕೈ ಹಾಕಿ, ಕ್ರೇಟಿನ ತುಂಡನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದರು. ಒಂಬತ್ತು ವರ್ಷ ನೀರಿನಲ್ಲಿ ಮುಳುಗಿದ್ದ ಪ್ಲಾಸ್ಟಿಕ್ಕು ಅದು. ಆದರೂ ಅದು ಮೀನಿನ ಕ್ರೇಟಿನದು ಎಂದು ಯತಿನ್ ಹೇಳಿದ್ದೇ ಇಬ್ಬರು ಮೂಗು ಮುಚ್ಚಿಕೊಂಡರು.

"ಇಂಥ ಒರಟು ವಸ್ತು ಹಾಕಿಯಾ ಕಾರು ತೊಳೆದದ್ದು?" ಎಂದರು ಚಾರ್ಲ್ಸ್. "ನಿಜ ಹೇಳಿ ರಾಜೀವಿ, ಈ ಗೀರು ನಿಮ್ಮಿಂದ ಆದದ್ದಾ?"

ಉತ್ತರ ಅವಳ ಪಕ್ಕದಲ್ಲೇ ನಿಂತಿತ್ತು. ಅದೇ ಬಕೆಟಿನಲ್ಲಿ, ಅದೇ ಕೈಯಿಂದ ಒಂಬತ್ತು ವರ್ಷ ತೊಳೆದ ಕಾರು. ಗೀರು ಎಲ್ಲಕ್ಕಿಂತ ಬೇಗ ಕಾಣುವ ಕಪ್ಪು ಬಣ್ಣ. ಅದನ್ನು ನಾಲ್ಕು ಹೆಜ್ಜೆ ಬಿಸಿಲಿಗೆ ತನ್ನಿ ಎಂದರೆ ಮುಗಿಯಿತು. ಕಂಪನಿಯ ಬಣ್ಣ ಬಯಲಾಗುತ್ತಿತ್ತು, ಯತಿನ್‌ನ ಕೆಲಸವೂ ಆ ಕ್ಷಣಕ್ಕೆ ಹೋಗುತ್ತಿತ್ತು. ಮಾತು ಬಾಯಿಯವರೆಗೆ ಬಂದಿತ್ತು. ಅವಳು ಮಗನ ಕಡೆ ನೋಡಿದಳು. ಒಂದು ಸಲ ತಲೆಯೆತ್ತಿದರೆ ಸಾಕಿತ್ತು ಅವಳಿಗೆ. ಅವನು ಮೊಬೈಲು ನೋಡುತ್ತಿದ್ದ.

"ಹೌದು, ನನ್ನಿಂದಲೇ," ಎಂದಳು ರಾಜೀವಿ.

ಮೀನು ಮಾರುವಾಗಲೂ ಹಳಸಿದ್ದನ್ನು ತಾಜಾ ಎಂದು ಹೇಳಿದವಳಲ್ಲ. ಐವತ್ತು ದಾಟಿದ ಮೇಲೆ ತನ್ನ ಕೈಯ ಮೇಲೆ ತಾನೇ ಸುಳ್ಳು ಹೇಳಿದಳು. ಇರಲಿ, ಐಸಮ್ಮನವರ ಕಾರೊಂದು ಉಳಿಯಿತಲ್ಲ, ಅಲ್ಲಿಯಾದರೂ ನನ್ನ ಕೆಲಸ ಏನೆಂದು ಗೊತ್ತಿರುವವರು ಇದ್ದಾರಲ್ಲ ಎಂದು ಬಟ್ಟೆಯನ್ನು ಮತ್ತೆ ಮಡಿಕೆ ಹಾಕಿದಳು.

ಐಸಮ್ಮ ಯಾವಾಗ ಕೆಳಗಿಳಿದು ಬಂದಿದ್ದರೋ, ಹಿಂದೆಯೇ ನಿಂತಿದ್ದರು.

"ನೀನೇ ಹೀಗೆ ಹೇಳಿದ ಮೇಲೆ ನಾನೆಂತ ಹೇಳುದು ರಾಜೀವಿ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಬೇಸರವಿತ್ತು. "ನಿನ್ನನ್ನು ನಂಬಿದ್ದೆ. ನಾಳೆಯಿಂದ ನನ್ನ ಕಾರು ಮುಟ್ಟುದು ಬೇಡ."

ಅವರು ಕಾರಿನ ಕಡೆ ತಿರುಗಿಯೂ ನೋಡಲಿಲ್ಲ. ಯತಿನ್ ಮೊಬೈಲನ್ನು ಜೇಬಿಗೆ ಹಾಕಿ, ತಾಯಿಯನ್ನು ದಾಟಿ ಮುಂದೆ ಬಂದು ಐಸಮ್ಮನವರಿಗೆ ಕಂಪನಿಯ ಕಾರ್ಡು ಕೊಟ್ಟ.

"ನಾಳೆ ಎಂಟು ಗಂಟೆಗೆ ನಮ್ಮವರು ಬರ್ತಾರೆ ಮೇಡಂ," ಎಂದ.